ನಮೂದಿನಿಂದ ಹೊಣೆಯ ಕಡೆಗೆ: ಯಾಂತ್ರೀಕರಣ, ದತ್ತಾಂಶ ಭದ್ರತೆ ಮತ್ತು ಲೆಕ್ಕಪತ್ರ ವೃತ್ತಿ

ವಾಣಿಜ್ಯ ವಿದ್ಯಾರ್ಥಿಗಳ ಪಠ್ಯದಲ್ಲಿ ಯಾಂತ್ರೀಕರಣ ಒಂದು ಅಧ್ಯಾಯವಾಗಿಯೂ ದತ್ತಾಂಶ ಭದ್ರತೆ ಬೇರೊಂದು ಅಧ್ಯಾಯವಾಗಿಯೂ ಬರುವುದರಿಂದ ಇವೆರಡಕ್ಕೂ ಸಂಬಂಧವಿಲ್ಲವೆಂಬ ಭಾವನೆ ಮೂಡುವುದು ಸಹಜ. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಂದಿನಿಂದ ನಮ್ಮ ದೇಶದಲ್ಲಿ ನಡೆದಿರುವುದನ್ನು ಕ್ರಮವಾಗಿ ಗಮನಿಸಿದರೆ, ನಮೂದಿಸುವ ಕೆಲಸ ಯಂತ್ರದ ಪಾಲಾದಷ್ಟೂ ಆ ನಮೂದನ್ನು ಯಾರು ಮುಟ್ಟಿದರು, ಯಾವಾಗ ಮುಟ್ಟಿದರು, ಏಕೆ ಬದಲಿಸಿದರು ಎಂಬುದಕ್ಕೆ ಉತ್ತರ ಹೇಳುವ ಹೊಣೆ ಲೆಕ್ಕಿಗರ ಮೇಲೆ ಹೆಚ್ಚುತ್ತಾ ಬಂದಿರುವುದು ಕಾಣುತ್ತದೆ. ಈ ಟಿಪ್ಪಣಿಯನ್ನು ಆ ದೃಷ್ಟಿಯಿಂದಲೇ ಬರೆದಿದೆ.

ಮೊದಲಿಗೆ ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಂದು ₹500 ಕೋಟಿಗಿಂತ ಹೆಚ್ಚು ವಹಿವಾಟುಳ್ಳವರಿಗೆ ಕಡ್ಡಾಯವಾದ ಈ ವ್ಯವಸ್ಥೆ ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ ₹5 ಕೋಟಿ ಮೀರಿದ ವ್ಯಾಪಾರಿಗಳನ್ನೂ ಒಳಗೊಂಡಿತು. ನೋಂದಾಯಿತ ವ್ಯಾಪಾರಿಗೆ ಮಾರಾಟ ಮಾಡಿದಾಗ ಬಿಲ್ಲಿನ ವಿವರ ಮೊದಲು ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ಗೆ ಹೋಗಿ, 64 ಅಕ್ಷರಗಳ ಐಆರ್‌ಎನ್ (ಇನ್‌ವಾಯ್ಸ್ ಉಲ್ಲೇಖ ಸಂಖ್ಯೆ) ಮತ್ತು ಸಹಿ ಹೊಂದಿದ ಕ್ಯುಆರ್ ಕೋಡ್ ಪಡೆದು ಹಿಂತಿರುಗುತ್ತದೆ. ಅದೇ ವಿವರ ಮಾರಾಟದ ಲೆಕ್ಕ ಸಲ್ಲಿಸುವ ರಿಟರ್ನ್ ಆದ ಜಿಎಸ್‌ಟಿಆರ್-1ಕ್ಕೆ ತಾನಾಗಿಯೇ ಹರಿಯುತ್ತದೆ. ಇಲ್ಲಿ ಪರೀಕ್ಷೆಗೂ ಕೆಲಸಕ್ಕೂ ಉಪಯೋಗವಾಗುವ ಒಂದು ಸೂಕ್ಷ್ಮವಿದೆ. ಐಆರ್‌ಎನ್ ರೂಪುಗೊಳ್ಳುವುದು ಮಾರಾಟಗಾರರ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಎಂಬ ನಾಲ್ಕು ಅಂಶಗಳಿಂದ ಮಾತ್ರ. ಮೊತ್ತ ಅದರಲ್ಲಿ ಸೇರಿಲ್ಲ. ಆದ್ದರಿಂದ ಐಆರ್‌ಎನ್ ತಡೆಯುವುದು ಒಂದೇ ಸಂಖ್ಯೆಯ ಬಿಲ್ಲು ಎರಡು ಬಾರಿ ನೋಂದಣಿಯಾಗುವುದನ್ನೇ ಹೊರತು, ಮುದ್ರಿತ ಪ್ರತಿಯಲ್ಲಿ ಮೊತ್ತ ತಿದ್ದುವುದನ್ನಲ್ಲ. ಆ ಎರಡನೆಯ ಮೋಸ ಪತ್ತೆಯಾಗುವುದು ಒಟ್ಟು ಮೊತ್ತವನ್ನೂ ಒಳಗೊಂಡ ಕ್ಯುಆರ್ ಕೋಡನ್ನು ಸ್ಕ್ಯಾನ್ ಮಾಡಿ ಕಾಗದದೊಡನೆ ತಾಳೆ ನೋಡಿದಾಗ. ನೋಂದಣಿಯಾದ ಬಿಲ್ಲನ್ನು ಆ ಪೋರ್ಟಲ್‌ನಲ್ಲಿ ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ರದ್ದು ಮಾಡಬಹುದು, ಅನಂತರ ಉಳಿಯುವುದು ಬಿಲ್ಲಿನ ಮೊತ್ತ ತಗ್ಗಿಸುವ ಕ್ರೆಡಿಟ್ ನೋಟಿನ ದಾರಿ, ಇಲ್ಲವೇ ಜಿಎಸ್‌ಟಿಆರ್-1ರಲ್ಲಿ ಮಾಡುವ ತಿದ್ದುಪಡಿ.

ಖರೀದಿಯ ಕಡೆ ಬಂದರೆ, 2022ರ ಜನವರಿಯಿಂದ ಜಿಎಸ್‌ಟಿಆರ್-2ಬಿಯಲ್ಲಿ, ಅಂದರೆ ಮಾರಿದವರು ಸಲ್ಲಿಸಿದ ವಿವರಗಳಿಂದ ಕೊಂಡವರಿಗಾಗಿ ಪ್ರತಿ ತಿಂಗಳು ತಾನಾಗಿಯೇ ಸಿದ್ಧವಾಗುವ ಪಟ್ಟಿಯಲ್ಲಿ, ಕಾಣದ ಬಿಲ್ಲಿಗೆ ಹೂಡುವಳಿ ತೆರಿಗೆ ಜಮೆ (ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ. ಒಂದು ಉದಾಹರಣೆ ನೋಡೋಣ. ಹುಬ್ಬಳ್ಳಿಯ ಒಬ್ಬ ವರ್ತಕರು ಏಪ್ರಿಲ್ ತಿಂಗಳಲ್ಲಿ ₹1,00,000 ಬೆಲೆಯ ಸರಕು ಕೊಂಡು ₹18,000 ತೆರಿಗೆ ಕೊಟ್ಟಿದ್ದಾರೆನ್ನಿ. ಮಾರಿದವರು ಮೇ 11ರೊಳಗೆ ಜಿಎಸ್‌ಟಿಆರ್-1 ಸಲ್ಲಿಸಬೇಕಿತ್ತು. ಅವರು 15ರಂದು ಸಲ್ಲಿಸಿದರು. ಏಪ್ರಿಲ್‌ನ 2ಬಿ ಅಷ್ಟರೊಳಗೆ, ಅಂದರೆ ಮೇ 14ರಂದೇ, ಸಿದ್ಧವಾಗಿರುತ್ತದೆ. ಸರಕು ಗೋದಾಮಿನಲ್ಲಿದೆ, ಬಿಲ್ಲು ಕಡತದಲ್ಲಿದೆ, ಹಣವೂ ಪಾವತಿಯಾಗಿದೆ. ಆದರೂ ಆ ₹18,000 ಜಮೆ ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಹೊಂದಾಣಿಕೆಯಾಗದ ಸಾಲುಗಳನ್ನು ತಂತ್ರಾಂಶ ಕ್ಷಣಮಾತ್ರದಲ್ಲಿ ಹೆಕ್ಕಿ ಕೊಡುತ್ತದೆ. ಆದರೆ ಒಂದು ವ್ಯತ್ಯಾಸಕ್ಕೆ ಕಾರಣ ತಡವಾದ ಸಲ್ಲಿಕೆಯೋ, ಬಿಲ್ ಸಂಖ್ಯೆಯಲ್ಲಿ ಅಡ್ಡಗೆರೆ ಬಿಟ್ಟುಹೋದದ್ದೋ, ಅಥವಾ ಬಿಲ್ಲೇ ನಕಲಿಯೋ ಎಂದು ತೀರ್ಮಾನಿಸಿ, ಮಾರಿದವರಿಗೆ ಫೋನ್ ಮಾಡಿ, ಮುಂದಿನ ಪಾವತಿಯನ್ನು ತಡೆಹಿಡಿಯಬೇಕೇ ಎಂದು ಮಾಲೀಕರಿಗೆ ಹೇಳುವವರು ಲೆಕ್ಕಿಗರೇ. ಕೂಡುವ ಕಳೆಯುವ ಕೆಲಸ ಹೋಯಿತೆಂದು ಕೊರಗುವವರು ಈ ಭಾಗವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಎಡಿಟ್ ಲಾಗ್, ಅಂದರೆ ನಮೂದುಗಳಲ್ಲಿ ಆದ ಬದಲಾವಣೆಗಳ ದಾಖಲೆ. 1986ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ ಸಂಸ್ಥೆಯ ತಂತ್ರಾಂಶ ದೇಶದ ಸಣ್ಣ ವ್ಯಾಪಾರಿಗಳಿಗೆಲ್ಲ ಪ್ರಿಯವಾಗಲು ಇದ್ದ ಕಾರಣಗಳಲ್ಲಿ, ಹಳೆಯ ದಿನಾಂಕದ ವೋಚರನ್ನು ತೆರೆದು ಸರಾಗವಾಗಿ ತಿದ್ದಬಹುದಾಗಿದ್ದ ಸ್ವಾತಂತ್ರ್ಯವೂ ಒಂದು. ಕಂಪನಿಗಳ ಮಟ್ಟಿಗೆ ಆ ಸ್ವಾತಂತ್ರ್ಯ 2023ರ ಏಪ್ರಿಲ್ 1ರಿಂದ ಕೊನೆಗೊಂಡಿತು. ಕಂಪನಿಗಳ (ಲೆಕ್ಕಪತ್ರ) ನಿಯಮಗಳ ಪ್ರಕಾರ ಕಂಪನಿ ಬಳಸುವ ಲೆಕ್ಕಪತ್ರ ತಂತ್ರಾಂಶ ಪ್ರತಿಯೊಂದು ವ್ಯವಹಾರದ ಜಾಡನ್ನು ದಾಖಲಿಸಬೇಕು, ಪ್ರತಿ ಬದಲಾವಣೆಯನ್ನೂ ದಿನಾಂಕದೊಡನೆ ಇಡಬೇಕು, ಮತ್ತು ಈ ಸೌಲಭ್ಯವನ್ನು ಯಾರೂ ನಿಷ್ಕ್ರಿಯಗೊಳಿಸಲು ಆಗಬಾರದು. ಅದು ವರ್ಷವಿಡೀ ಚಾಲನೆಯಲ್ಲಿತ್ತೇ, ಅದನ್ನು ತಿರುಚಲಾಗಿದೆಯೇ ಎಂಬುದನ್ನು ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಬೇಕು. ಏಕಮಾಲೀಕತ್ವದ ಅಂಗಡಿಗೂ ಸಾಮಾನ್ಯ ಪಾಲುದಾರಿಕೆ ಸಂಸ್ಥೆಗೂ ಈ ನಿಯಮ ಅನ್ವಯಿಸುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು.

ನಿಯಮ ಬಂದ ಮೇಲೆ ಹೊರಬಿದ್ದ ಸಂಗತಿ ಇನ್ನೂ ಕುತೂಹಲಕರವಾದದ್ದು. ಅನೇಕ ಕಂಪನಿಗಳ ಪರಿಶೋಧನಾ ವರದಿಗಳಲ್ಲಿ, ತಂತ್ರಾಂಶದ ಮಟ್ಟದಲ್ಲಿ ಜಾಡು ದಾಖಲಾಗುತ್ತಿದ್ದರೂ ಅದರ ಕೆಳಗಿನ ಡೇಟಾಬೇಸ್ ಮಟ್ಟದಲ್ಲಿ ನೇರವಾಗಿ ಮಾಡುವ ಬದಲಾವಣೆಗಳಿಗೆ ಜಾಡು ಇರಲಿಲ್ಲವೆಂಬ ಒಕ್ಕಣೆ ಕಾಣಿಸಿಕೊಂಡಿತು. ಅಂದರೆ ಪರದೆಯ ಮೇಲೆ ವೋಚರ್ ತಿದ್ದಿದವರ ಹೆಸರು ಸಿಗುತ್ತದೆ. ಡೇಟಾಬೇಸ್ ನಿರ್ವಾಹಕರ ಅಧಿಕಾರದಿಂದ ಒಳಹೊಕ್ಕವರು ಅದೇ ಅಂಕಿಯನ್ನು ಬದಲಿಸಿದರೆ ಸಿಗದೇ ಹೋಗಬಹುದು. ಡೆಬಿಟ್ ಕ್ರೆಡಿಟ್ ಮಾತ್ರ ಬಲ್ಲ ಪರಿಶೋಧಕರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಸಿಎ ಸಂಸ್ಥೆ ತನ್ನ ಸದಸ್ಯರಿಗೆ ನೀಡುವ ಮಾಹಿತಿ ವ್ಯವಸ್ಥೆಗಳ ಪರಿಶೋಧನೆಯ ಡಿಐಎಸ್‌ಎ ಕೋರ್ಸಿಗೂ, ಅಂತರರಾಷ್ಟ್ರೀಯ ಮಾನ್ಯತೆಯುಳ್ಳ ಸಿಐಎಸ್‌ಎ ಪ್ರಮಾಣಪತ್ರಕ್ಕೂ ಬೆಲೆ ಬಂದಿರುವುದು ಇಂಥ ಪ್ರಶ್ನೆಗಳಿಂದಲೇ.

ಕಾನೂನಿನ ಉಳಿದ ಭಾಗವನ್ನು ಚುಟುಕಾಗಿ ಹೇಳಬಹುದು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು ಗಣಕ ವ್ಯವಸ್ಥೆಯ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಉಳಿಸಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸಮಂಜಸವಾದ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ₹250 ಕೋಟಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಸಂಬಳದ ಪಟ್ಟಿ, ಪ್ಯಾನ್, ಬ್ಯಾಂಕ್ ಖಾತೆ ಸಂಖ್ಯೆಗಳೆಲ್ಲ ಇರುವುದು ಲೆಕ್ಕಪತ್ರ ವಿಭಾಗದಲ್ಲಿಯೇ ಆದ್ದರಿಂದ ಇದನ್ನು ಐಟಿ ವಿಭಾಗದ ತಲೆನೋವೆಂದು ತಳ್ಳಿಹಾಕುವಂತಿಲ್ಲ. ಹತ್ತಾರು ಕಕ್ಷಿದಾರರ ಜಿಎಸ್‌ಟಿ ಪಾಸ್‌ವರ್ಡುಗಳನ್ನು ಒಂದೇ ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟು, ಅದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿಕೊಳ್ಳುವ ತೆರಿಗೆ ಕಚೇರಿಗಳು ಇಂದಿಗೂ ಇವೆ; ಆರ್ಟಿಕಲ್‌ಶಿಪ್‌ಗೆ (ಸಿಎ ವಿದ್ಯಾರ್ಥಿಗಳ ಕಡ್ಡಾಯ ತರಬೇತಿಗೆ) ಸೇರುವವರು ಈ ರೂಢಿಯನ್ನು ವೃತ್ತಿಯ ಜಾಣ್ಮೆಯೆಂದು ಕಲಿಯದಿರುವುದು ಒಳ್ಳೆಯದು.

ಕೆಲಸದ ಮಾರುಕಟ್ಟೆಯಲ್ಲಿ ಇದರ ಪರಿಣಾಮ ಸಮವಾಗಿಲ್ಲ. ಬಿಲ್ಲು ನೋಡಿ ವೋಚರ್ ಹಾಕುವುದಷ್ಟೇ ಬಲ್ಲವರಿಗೆ ಕೆಲಸ ಕಡಿಮೆಯಾಗುತ್ತಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನಲ್ಲಿರುವ ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಕೇಂದ್ರಗಳಲ್ಲಿ ಬೇಕಾಗಿರುವುದು ಲೆಕ್ಕಶಾಸ್ತ್ರವೂ ಗೊತ್ತಿದ್ದು, ಇಆರ್‌ಪಿ ವ್ಯವಸ್ಥೆಯಲ್ಲಿ (ಕಂಪನಿಯ ಎಲ್ಲ ವಿಭಾಗಗಳ ಕೆಲಸವನ್ನು ಒಂದೆಡೆ ನಡೆಸುವ ತಂತ್ರಾಂಶದಲ್ಲಿ) ಯಾರಿಗೆ ಯಾವ ಅಧಿಕಾರ ಕೊಡಬೇಕೆಂಬುದೂ ಗೊತ್ತಿರುವವರು. ಇದನ್ನು ಅಭ್ಯಾಸ ಮಾಡಲು ದೊಡ್ಡ ವ್ಯವಸ್ಥೆಯೇನೂ ಬೇಕಿಲ್ಲ. ಯಾವುದಾದರೂ ತಂತ್ರಾಂಶದ ಶೈಕ್ಷಣಿಕ ಆವೃತ್ತಿಯಲ್ಲಿ ನಾಲ್ವರು ಬಳಕೆದಾರರನ್ನು ಸೃಷ್ಟಿಸಿ, ಹೊಸ ಪೂರೈಕೆದಾರರ ಖಾತೆ ತೆರೆಯುವ, ಅವರ ಬ್ಯಾಂಕ್ ವಿವರ ಬದಲಿಸುವ, ಪಾವತಿ ವೋಚರ್ ತಯಾರಿಸುವ ಮತ್ತು ಅದನ್ನು ಮಂಜೂರು ಮಾಡುವ ಅಧಿಕಾರಗಳನ್ನು ಅವರಲ್ಲಿ ಹಂಚಿ ನೋಡಬೇಕು. ಅನಂತರ ನಾಲ್ವರಲ್ಲಿ ಒಬ್ಬರು ರಜೆಯಲ್ಲಿದ್ದಾರೆಂದು ಭಾವಿಸಿ, ಅವರ ಅಧಿಕಾರವನ್ನು ಉಳಿದ ಮೂವರಲ್ಲಿ ಯಾರಿಗೆ ಕೊಟ್ಟರೆ ಒಬ್ಬರೇ ಹಣ ಹೊರಗೆ ಕಳಿಸುವಂತಾಗುತ್ತದೆ ಎಂಬುದನ್ನು ಬರೆದು ತೋರಿಸಬೇಕು.