ಕಿಣ್ವ ಕತ್ತರಿಸಬಲ್ಲ ಪ್ಲಾಸ್ಟಿಕ್ ಮತ್ತು ಕತ್ತರಿಸಲಾಗದ ಪ್ಲಾಸ್ಟಿಕ್

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯ ಪತ್ತೆಯಾಯಿತೆಂಬ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಕಸ ಮಾತ್ರ ಬೆಳೆಯುತ್ತಲೇ ಇದೆ. ಈ ಗೊಂದಲ ಬಿಡಿಸಲು ನೀರಿನ ಬಾಟಲಿಯ ಪಾಲಿಮರ್ (ಸಣ್ಣ ಅಣುಗಳು ಉದ್ದ ಸರಪಳಿಯಾಗಿ ಬೆಸೆದ ವಸ್ತು) ಆದ ಪೆಟ್‌ನ ಚರಿತ್ರೆಯಿಂದ ಹೊರಡುವುದು ಸೂಕ್ತ.

ಇಂಗ್ಲೆಂಡಿನಲ್ಲಿ 1941ರಲ್ಲಿ ರಸಾಯನವಿಜ್ಞಾನಿಗಳಾದ ವಿನ್‌ಫೀಲ್ಡ್ ಮತ್ತು ಡಿಕ್ಸನ್ ನೂಲಿಗಾಗಿ ರೂಪಿಸಿದ ಈ ವಸ್ತು, 1973ರಲ್ಲಿ ಅಮೆರಿಕದ ನಥಾನಿಯಲ್ ವಯೆತ್ ಪಡೆದ ಪೇಟೆಂಟ್‌ನೊಂದಿಗೆ ಬಾಟಲಿಯಾಯಿತು. ಕರಗಿಸಿ ಮರುಬಳಸುವ ವಿಧಾನವೂ ಬಂದಿತು. ಆದರೆ ಪ್ರತಿ ಬಾರಿ ಕರಗಿಸಿದಾಗಲೂ ಅಣುಸರಪಳಿಗಳು ತುಂಡಾಗಿ ಗುಣ ಕುಗ್ಗುವುದರಿಂದ, ಹಳೆಯ ಬಾಟಲಿ ಹೆಚ್ಚಾಗಿ ಬಟ್ಟೆಯ ನೂಲಾಯಿತು.

ನಿಜವಾದ ತಿರುವು ಬಂದದ್ದು 2016ರಲ್ಲಿ. ಜಪಾನಿನ ಸಕಾಯ್ ನಗರದ ಬಾಟಲಿ ಮರುಬಳಕೆ ಘಟಕವೊಂದರ ಬಳಿ ಸಂಗ್ರಹಿಸಿದ ಮಾದರಿಗಳಲ್ಲಿ ಪೆಟ್ ಅನ್ನೇ ಆಹಾರವಾಗಿಸಿಕೊಂಡ ಬ್ಯಾಕ್ಟೀರಿಯ ಸಿಕ್ಕಿತು. ಅದಕ್ಕೆ ಇಡಿಯೊನೆಲ್ಲಾ ಸಕಾಯೆನ್ಸಿಸ್ ಎಂದು ಹೆಸರಿಟ್ಟರು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳುವಾದ ಪೆಟ್ ಹಾಳೆಯನ್ನು ಅರಗಿಸಲು ಅದಕ್ಕೆ ಸುಮಾರು ಆರು ವಾರ ಬೇಕಾಯಿತು. ಆ ಹಾಳೆಯ ಅಣುಗಳು ಅಸ್ತವ್ಯಸ್ತವಾಗಿ ಹರಡಿದ್ದವು, ಬಾಟಲಿಯಲ್ಲಾದರೋ ಅವು ಒತ್ತೊತ್ತಾಗಿ ಸ್ಫಟಿಕದಂತೆ ಜೋಡಿಸಿಕೊಂಡಿರುತ್ತವೆ ಎಂಬ ಮುಖ್ಯ ಸಂಗತಿ ಸಂಭ್ರಮದ ವರದಿಗಳಲ್ಲಿ ಹಿಂದೆ ಸರಿಯಿತು.

ಬ್ಯಾಕ್ಟೀರಿಯ ಪೆಟ್ ಅನ್ನು ಒಡೆಯುವುದು ತನ್ನ ಕಿಣ್ವದಿಂದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿನಿಂದ. ಪೆಟ್ ಸುಮಾರು 70 ಡಿಗ್ರಿಯ ಹತ್ತಿರ ಮೆತ್ತಗಾಗಿ ಕಿಣ್ವಕ್ಕೆ ಎಡೆಗೊಡುತ್ತದೆ, ಆದರೆ ಆ ಶಾಖದಲ್ಲಿ ಸಕಾಯ್‌ನ ಕಿಣ್ವ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ಈ ತೊಡಕಿಗೆ ಉತ್ತರ ಎಲೆಗೊಬ್ಬರದಲ್ಲಿತ್ತು: ಜಪಾನಿನ ಸಂಶೋಧಕರು 2012ರಲ್ಲೇ ಅಲ್ಲಿಂದ ಗುರುತಿಸಿದ್ದ ಬಿಸಿ ತಾಳುವ ಕಿಣ್ವವೊಂದರ ಕೆಲವು ಅಮೈನೋ ಆಮ್ಲಗಳನ್ನು (ಪ್ರೋಟೀನನ್ನು ಕಟ್ಟುವ ತುಣುಕುಗಳನ್ನು) ಫ್ರಾನ್ಸಿನ ತುಲೂಸ್‌ನ ತಂಡ ಬದಲಿಸಿ, 72 ಡಿಗ್ರಿಯಲ್ಲಿ 10 ಗಂಟೆಗಳೊಳಗೆ ಕನಿಷ್ಠ 90 ಪ್ರತಿಶತ ಪೆಟ್ ಅನ್ನು ಮೂಲ ಘಟಕಗಳಿಗೆ ಒಡೆದು, ಆ ಘಟಕಗಳಿಂದ ಹೊಸ ಬಾಟಲಿಯನ್ನೇ ತಯಾರಿಸಿತು. 2020ರಲ್ಲಿ ಪ್ರಕಟವಾದ ಈ ಕೆಲಸ ನಿಜಕ್ಕೂ ದೊಡ್ಡದು. ಆದರೂ ಬಾಟಲಿಗಳನ್ನು ಮೊದಲು ಬೇರ್ಪಡಿಸಿ, ಕರಗಿಸಿ, ಥಟ್ಟನೆ ತಣಿಸಿ, ಪುಡಿಮಾಡಿದ ಮೇಲಷ್ಟೇ ಕಿಣ್ವ ತನ್ನ ಕೆಲಸ ಆರಂಭಿಸುತ್ತದೆ. ಸಮುದ್ರಕ್ಕೆ ಸುರಿದರೆ ಕಸ ಕರಗಿಬಿಡುತ್ತದೆ ಎಂಬ ಊಹೆಗೆ ಇಲ್ಲಿ ಆಧಾರವಿಲ್ಲ.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ರಾಸಾಯನಿಕ ಬಂಧದ್ದು. ಪೆಟ್‌ನಲ್ಲಿ ನೀರು ಮತ್ತು ಕಿಣ್ವ ಸೇರಿ ಕತ್ತರಿಸಬಲ್ಲ ಎಸ್ಟರ್ ಬಂಧಗಳಿವೆ. ಕೈಚೀಲ, ಹಾಲಿನ ಪೊಟ್ಟಣ, ಡಬ್ಬಗಳಾಗುವ ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್‌ಗಳ ಬೆನ್ನೆಲುಬು ಬರೀ ಇಂಗಾಲ-ಇಂಗಾಲ ಬಂಧ. ಅಲ್ಲಿ ಕಿಣ್ವಕ್ಕೆ ಸುಲಭದ ಹಿಡಿತವಿಲ್ಲ. ನೂಲನ್ನು ಬಿಟ್ಟರೆ ಪ್ಲಾಸ್ಟಿಕ್ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇವೆರಡರದೇ. ಪ್ಲಾಸ್ಟಿಕ್ ತ್ಯಾಜ್ಯದಲ್ಲಿ 2015ರವರೆಗೆ ಮರುಬಳಕೆಯಾದದ್ದು ಸುಮಾರು 9 ಪ್ರತಿಶತ ಮಾತ್ರ ಎಂದು 2017ರ ಜಾಗತಿಕ ಅಂದಾಜು ಹೇಳಿತು. ಉಳಿದದ್ದರಲ್ಲಿ ಸುಟ್ಟ ಸ್ವಲ್ಪ ಪಾಲನ್ನು ಬಿಟ್ಟರೆ, ಎಲ್ಲವೂ ತಿಪ್ಪೆ, ನೆಲ, ನೀರುಗಳನ್ನು ಸೇರಿತ್ತು. ಒಡೆಯಬಲ್ಲ ಬಂಧಗಳನ್ನು ಪಾಲಿಮರ್ ರೂಪಿಸುವಾಗಲೇ ಸೇರಿಸುವ ಸಂಶೋಧನೆಗೆ ಕಿಣ್ವಗಳಷ್ಟು ಪ್ರಚಾರ ಸಿಕ್ಕಿಲ್ಲ, ಸಿಗಬೇಕಾದದ್ದು ಅದಕ್ಕೆ.