ಎಷ್ಟು ರಿಕ್ಟರ್ ತಡೆಯುತ್ತದೆ, ಸಾರ್?

ಕಳೆದ ವರ್ಷ ನಿವೃತ್ತ ಮೇಷ್ಟ್ರೊಬ್ಬರು ಮನೆಯ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿ, ‘ಚಿಲಿಯಲ್ಲಿ 8.8 ಆದರೂ ಕಟ್ಟಡಗಳು ನಿಂತವಂತೆ. ನಮಗೆ ಅಷ್ಟೆಲ್ಲ ಬೇಡ ಸಾರ್, 7 ರಿಕ್ಟರ್ ತಡೆಯುವಂತೆ ಮಾಡಿಕೊಡಿ’ ಎಂದರು. ತರಕಾರಿ ತೂಗಿಸಿಕೊಳ್ಳುವ ಧಾಟಿ. ಕಂಬ, ತೊಲೆ, ಕಬ್ಬಿಣದ ಲೆಕ್ಕ ಹಾಕಿಯೇ ತಲೆ ನರೆತಿದೆ. ಈ ಪ್ರಶ್ನೆ ಕೇಳದೆ ಎದ್ದುಹೋದವರು ಕಡಿಮೆ. ಉತ್ತರ ಮಾತ್ರ ನನ್ನಲ್ಲಿಲ್ಲ, ಏಕೆಂದರೆ ಕಟ್ಟಡಕ್ಕೆ ರಿಕ್ಟರ್ ಎಂಬುದೇ ಇಲ್ಲ.

ಆ ಅಂಕಿ ಭೂಕಂಪದ್ದು. ನೆಲದಾಳದಲ್ಲಿ ಎಷ್ಟು ಶಕ್ತಿ ಬಿಡುಗಡೆಯಾಯಿತು ಎಂಬುದರ ಅಳತೆ. (ದೊಡ್ಡ ಕಂಪಗಳಿಗೆ ಈಗ ರಿಕ್ಟರ್ ಮಾಪಕವನ್ನು ಬಳಸುವುದೂ ಇಲ್ಲ, ಆ ಜಗಳ ಇನ್ನೊಮ್ಮೆ.) ಮನೆಗೆ ಬೇಕಾದ ಲೆಕ್ಕ ಬೇರೆ: ನಿಮ್ಮ ಅಡಿಪಾಯದ ಕೆಳಗಿನ ನೆಲ ಎಷ್ಟು ಜೋರಾಗಿ, ಎಷ್ಟು ಹೊತ್ತು ಅಲುಗೀತು? ಜಾತ್ರೆಯಲ್ಲಿ ತಮಟೆ ಬಡಿಯುವವನ ಪಕ್ಕ ನಿಂತರೆ ಎದೆ ಅದುರುತ್ತದೆ. ಮೂರು ಬೀದಿ ಆಚೆ ಮಲಗಿದವನು ಮಗ್ಗುಲು ಬದಲಿಸಿ ನಿದ್ದೆ ಮಾಡುತ್ತಾನೆ. ಆದರೆ ಅದೇ ಬೀದಿಯಲ್ಲಿ ಸಡಿಲ ಕಿಟಕಿಯ ಮನೆಯೊಂದಿದ್ದರೆ ಅಲ್ಲಿ ಗಾಜು ಗಡಗಡ ಎನ್ನುತ್ತದೆ. ಮೆದು ಮಣ್ಣಿನ ನಿವೇಶನ ಈ ಸಡಿಲ ಕಿಟಕಿಯಂತೆ. ತಮಟೆ ಒಂದೇ, ಪೆಟ್ಟೂ ಒಂದೇ.

ಇಷ್ಟು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ‘ಹಾಗಾದರೆ ಆರೂವರೆ?’ ಎನ್ನುತ್ತಾರೆ.

2010ನ್ನೇ ನೋಡಿ. ಜನವರಿ 12ರಂದು ಹೈಟಿಯಲ್ಲಿ 7.0. ಒಂದೂವರೆ ತಿಂಗಳ ನಂತರ, ಫೆಬ್ರವರಿ 27ರ ನಸುಕಿನಲ್ಲಿ, ಚಿಲಿಯಲ್ಲಿ 8.8. ಶಕ್ತಿಯ ಲೆಕ್ಕದಲ್ಲಿ ಎರಡನೆಯದು ಸುಮಾರು 500 ಪಟ್ಟು ದೊಡ್ಡದು. ಹೈಟಿಯಲ್ಲಿ ಸತ್ತವರು ಲಕ್ಷಕ್ಕೂ ಮಿಕ್ಕಿ. ಚಿಲಿಯಲ್ಲಿ ಐನೂರರ ಆಸುಪಾಸು, ಅವರಲ್ಲಿಯೂ ಅನೇಕರನ್ನು ಒಯ್ದದ್ದು ಸುನಾಮಿ. ಹೈಟಿಯ ಕಂಪ ರಾಜಧಾನಿಯಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಹೆಚ್ಚು ಆಳವಿಲ್ಲದೆ ಹುಟ್ಟಿತು. ಚಿಲಿಯದು ಕಡಲತಡಿಯ ಆಚೆಗೆ, ಇನ್ನಷ್ಟು ಆಳದಲ್ಲಿ. ಹಾಗೆಂದು ದೂರವೇ ಕಾಪಾಡಿತು ಎನ್ನಲಾರೆ. ಅಲ್ಲಿ ನೆಲದಾಳದ ಬಂಡೆ ಒಡೆದದ್ದು ಸುಮಾರು 500 ಕಿ.ಮೀ. ಉದ್ದಕ್ಕೆ. ಸಾಗರದಡಿಯ ಭೂಪದರದ ಭಾರೀ ತುಂಡಾದ ನಾಜ್ಕಾ ಫಲಕ ವರ್ಷಕ್ಕೆ ಏಳೆಂಟು ಸೆಂ.ಮೀ. ಖಂಡದ ಅಡಿಗೆ ನುಗ್ಗುತ್ತಲೇ ಇರುವ ದೇಶವದು. ಅಳತೆಗೆ ಸಿಕ್ಕ ಭೂಕಂಪಗಳಲ್ಲೇ ಅತಿ ದೊಡ್ಡದು, 9.5, ಅಲ್ಲಿನ ವಾಲ್ದಿವಿಯಾದ್ದು, 1960ರಲ್ಲಿ. 1939ರಲ್ಲಿ ಚಿಯಾನ್ ನಗರ ನೆಲಕಚ್ಚಿ ಸಾವಿರಾರು ಜನ ಸತ್ತ ಮೇಲೆ ಅವರು ಕಟ್ಟುವ ನಿಯಮಗಳನ್ನು ಬಿಗಿ ಮಾಡಿದರು. ಬಹುಮಹಡಿ ಮನೆಗಳಲ್ಲಿ ಬರೀ ಕಂಬಗಳನ್ನು ನಂಬದೆ, ಕಬ್ಬಿಣ ತುಂಬಿದ ಕಾಂಕ್ರೀಟ್ ಗೋಡೆಗಳನ್ನು ಎರಡೂ ದಿಕ್ಕಿಗೆ ಧಾರಾಳವಾಗಿ ನಿಲ್ಲಿಸುವುದು ರೂಢಿಯಾಯಿತು.

ಹಾಗಿದ್ದೂ ಕನ್ಸೆಪ್ಸಿಯೋನ್ ನಗರದಲ್ಲಿ ಹೊಚ್ಚ ಹೊಸ 15 ಮಹಡಿಯ ಆಲ್ತೊ ರಿಯೊ ಕಟ್ಟಡ ಅಂಗಾತ ಬಿತ್ತು. 8 ಜನ ಸತ್ತರು. ಅದೇ ಊರಿನಲ್ಲಿ, ಅದೇ ರಾತ್ರಿ, ಎಷ್ಟೋ ಬಹುಮಹಡಿಗಳು ನಿಂತೇ ಇದ್ದವು. ಈಗ ಮೇಷ್ಟ್ರೇ ಹೇಳಲಿ, 8.8 ಎಂಬ ಅಂಕಿ ಯಾರನ್ನು ಉಳಿಸಿತು, ಯಾರನ್ನು ಉರುಳಿಸಿತು?

ಒಂದೇ ಕಾರಣ ಹೇಳಿ ಮುಗಿಸುವುದು ನನ್ನ ವೃತ್ತಿಗೆ ತರವಲ್ಲ. ಆದರೆ ಆ ವರ್ಷ ಚಿಲಿಯಲ್ಲಿ ಪೆಟ್ಟು ತಿಂದ ಬಹುಮಹಡಿಗಳ ವರದಿಗಳನ್ನು ಓದಿದಾಗ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಗೋಡೆಗಳು ತೆಳ್ಳಗಿದ್ದವು, ಮತ್ತು ಮೇಲಿನಿಂದ ನೇರ ಇಳಿದುಬಂದ ಗೋಡೆಯನ್ನು ನೆಲಮಹಡಿಯಲ್ಲೋ ನೆಲಮಾಳಿಗೆಯಲ್ಲೋ ಮೊಟಕು ಮಾಡಿದ್ದರು. ಏತಕ್ಕೆ? ಅನೇಕ ಕಡೆ, ಕಾರು ತಿರುಗಿಸಲು.

ಮೇಷ್ಟ್ರ ನಕ್ಷೆಯಲ್ಲಿ ಮೇಲೆ ಮೂರು ಮಹಡಿ ತುಂಬ ಇಟ್ಟಿಗೆ ಗೋಡೆ. ಕೆಳಗೆ ಎರಡು ಕಾರುಗಳಿಗಾಗಿ ಬರೀ ಆರು ಸಣಕಲು ಕಂಬ. ನಿವೇಶನ ಹಳೆಯ ಕೆರೆಯಂಗಳದಲ್ಲಿತ್ತು. ನಮ್ಮ ಊರಿಗೆ ಚಿಲಿಯಂತಹ ಕಂಪ ಬರುತ್ತದೆಂದು ನಾನು ಹೆದರಿಸುವುದಿಲ್ಲ, ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದೂ ಇಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಆಮೇಲೆ ಕೆಳಗೂ ಎರಡೂ ದಿಕ್ಕಿಗೆ ಕಾಂಕ್ರೀಟ್ ಗೋಡೆ ಹಾಕೋಣ ಎಂದೆ. ಅವರು ಬಹಳ ಹೊತ್ತು ನಕ್ಷೆ ನೋಡಿ, ಒಪ್ಪಿದರು.

ಗೃಹಪ್ರವೇಶಕ್ಕೆ ಕರೆದಿದ್ದರು, ಹೋಗಿದ್ದೆ. ಊಟ ಚೆನ್ನಾಗಿತ್ತು. ಒಂದು ಕಾರು ಒಳಗೆ, ಇನ್ನೊಂದು ಬೀದಿಯಲ್ಲಿ ಬಿಸಿಲಿಗೆ. ಬೀದಿಯದು ಮಗನದಂತೆ, ಅವನು ನನ್ನನ್ನು ಮಾತಾಡಿಸಲಿಲ್ಲ. ತಾಂಬೂಲ ಕೊಡುವಾಗ ಮೇಷ್ಟ್ರು ಕಿವಿಯ ಹತ್ತಿರ ಬಂದು ಕೇಳಿದರು: ‘ಈಗ ಎಷ್ಟು ತಡೆಯುತ್ತದೆ, ಸಾರ್?’