ಹಾಲು ಆಗೋದಿಲ್ಲ ಅನ್ನುವವರು ಎಷ್ಟು ಹಾಲು ಕುಡಿಯಬಹುದು?

ಮೀನು ಉಂಡ ಮೇಲೆ ಹಾಲು ಕುಡಿದರೆ ತೊನ್ನು ಬರುತ್ತದೆ ಎಂಬ ಮಾತು ಕಾರವಾರದಿಂದ ಭಟ್ಕಳದವರೆಗೆ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆ ಚರ್ಮಕ್ಕೆ ಬಣ್ಣ ಕೊಡುವ ತನ್ನದೇ ಜೀವಕೋಶಗಳ ಮೇಲೆ ಬಿದ್ದು ಅವನ್ನು ನಾಶಮಾಡಿದಾಗ. ಬಂಗಡೆ ಸಾರಿಗೂ ಹಾಲಿನ ಲೋಟಕ್ಕೂ ಅದರಲ್ಲಿ ಪಾಲಿಲ್ಲ. ಇಂಥ ನಂಬಿಕೆಯಿಂದ ಆಗುವ ತೊಂದರೆ ಬೇರೆ: ಹಾಲು ಕುಡಿದು ಹೊಟ್ಟೆ ಉಬ್ಬರಿಸಿದವರು, ಭೇದಿಯಾದವರು ಕಾರಣವನ್ನು ಮೀನಿನಲ್ಲಿ, ದೃಷ್ಟಿಯಲ್ಲಿ, ಉಷ್ಣದಲ್ಲಿ ಹುಡುಕುತ್ತಾ ಕೂರುತ್ತಾರೆ. ಬಹುತೇಕ ಸಲ ಕಾರಣ ಹಾಲಿನೊಳಗೇ ಇರುವ ಸಕ್ಕರೆ, ಲ್ಯಾಕ್ಟೋಸ್. ಅಂಥವರಿಗೆ ಖಾಲಿ ಹೊಟ್ಟೆಯ ಹಾಲಿಗಿಂತ ಊಟದ ಜೊತೆಗಿನ ಹಾಲು ಎಷ್ಟೋ ವಾಸಿ, ಅದು ಮೀನೂಟವೇ ಆಗಿದ್ದರೂ.

ಲ್ಯಾಕ್ಟೋಸ್ ಎಂದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳು ಒಂದಕ್ಕೊಂದು ಅಂಟಿಕೊಂಡ ಜೋಡಿ. ಸಣ್ಣ ಕರುಳು ಒಂಟಿ ಸಕ್ಕರೆಯನ್ನು ಮಾತ್ರ ಹೀರಿಕೊಳ್ಳುತ್ತದೆ, ಜೋಡಿಯನ್ನಲ್ಲ. ಜೋಡಿಯನ್ನು ಒಡೆಯುವ ಕಿಣ್ವ ಲ್ಯಾಕ್ಟೇಸ್. ಕರುಳಿನ ಒಳಗೋಡೆಯ ತುಂಬ ಇರುವ ಬೆರಳಿನಾಕಾರದ ಸೂಕ್ಷ್ಮ ಚಾಚುಗಳ ಹೊರಮೈಯಲ್ಲಿ ಅದು ಕೂತಿರುತ್ತದೆ. ಅದು ಕಡಿಮೆಯಾದರೆ ಲ್ಯಾಕ್ಟೋಸ್ ಒಡೆಯದೆ ಮುಂದೆ ಹೋಗುತ್ತದೆ. ಇಲ್ಲಿಂದ ಮುಂದಿನ ಕಥೆ ಪೂರ್ತಿ ನೀರಿನದು.

240 ಮಿ.ಲೀ. ಹಾಲಿನಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಸಣ್ಣ ಕರುಳಿನ ಗೋಡೆ ನೀರನ್ನು ಸುಲಭವಾಗಿ ಆಚೀಚೆ ಬಿಡುವುದರಿಂದ ಒಳಗಿನ ದ್ರವ ರಕ್ತದಷ್ಟೇ ಸಾಂದ್ರವಾಗಿ ಉಳಿಯುತ್ತದೆ. ಆ ಲೆಕ್ಕದಲ್ಲಿ, ಹೀರದೆ ಉಳಿದ 12 ಗ್ರಾಂ ಲ್ಯಾಕ್ಟೋಸ್ ಸುಮಾರು 120 ಮಿ.ಲೀ. ನೀರನ್ನು ಕರುಳಿನೊಳಗೇ ಹಿಡಿದಿಡುತ್ತದೆ. ಹಾಲಿನ ಪುಡಿ, ಪೇಡೆಯಂಥ ಒಣ ತಿನಿಸಾದರೆ ಜೊತೆಗೆ ನೀರೇ ಬಂದಿರುವುದಿಲ್ಲ, ಹಾಗಾಗಿ ಅದು ದೇಹದಿಂದಲೇ ನೀರನ್ನು ಎಳೆದುಕೊಳ್ಳುತ್ತದೆ. ಅಪ್ಪೆಮಿಡಿಗೆ ಉಪ್ಪು ಬೆರೆಸಿ ಭರಣಿಗೆ ತುಂಬಿದಾಗ ಹನಿ ನೀರು ಹಾಕದಿದ್ದರೂ ಮಿಡಿಯೇ ನೀರು ಬಿಡುತ್ತದಲ್ಲ, ಅದೇ ತತ್ವ.

ಈ ನೀರು ಮತ್ತು ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಡೆದು ಹುಳಿ ಬರಿಸುತ್ತವೆ. ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತದೆ. ಹೊಟ್ಟೆ ಗುಡುಗುಡು ಅನ್ನುವುದು, ಬಿಗಿಯುವುದು ಈ ಅನಿಲದಿಂದ. ಒಂದು ಅಣು ಒಡೆದು ಹಲವಾದಾಗ ನೀರೆಳೆಯುವ ಶಕ್ತಿಯೂ ಹೆಚ್ಚುತ್ತದೆ. ಆದರೆ ಜನ ಮರೆಯುವ ಇನ್ನೊಂದು ಮುಖ ಇದೆ. ಹುಳಿ ಬಂದಾಗ ಹುಟ್ಟುವ ಸಣ್ಣ ಆಮ್ಲಗಳನ್ನು ದೊಡ್ಡ ಕರುಳು ಹೀರಿಕೊಳ್ಳುತ್ತದೆ, ಅವುಗಳ ಹಿಂದೆಯೇ ನೀರೂ ವಾಪಸು ಹೋಗುತ್ತದೆ. ಬಂದ ಲ್ಯಾಕ್ಟೋಸ್ ಈ ಹೀರುವ ವೇಗಕ್ಕಿಂತ ಕಡಿಮೆ ಇದ್ದರೆ ಏನೂ ಆಗುವುದಿಲ್ಲ. ಮೀರಿದರೆ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಭೇದಿ. ಅಂದರೆ ಪ್ರಶ್ನೆ ಎರಡೇ: ಎಷ್ಟು ಲ್ಯಾಕ್ಟೋಸ್ ಹೋಯಿತು, ಎಷ್ಟು ಬೇಗ ಹೋಯಿತು. ಕೊಬ್ಬು, ಪ್ರೋಟೀನ್ ಇರುವ ಊಟ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಹಾಗಾಗಿ ಊಟದ ಜೊತೆ ಕುಡಿದ ಹಾಲು ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತದೆ, ಇದ್ದಷ್ಟು ಲ್ಯಾಕ್ಟೇಸ್‌ಗೂ ಕೆಲಸ ಮಾಡಲು ಸಮಯ ಸಿಗುತ್ತದೆ.

ಇದನ್ನು ರೋಗ ಎಂದು ಕರೆಯುವುದೇ ತಪ್ಪು. ಹಾಲೂಡುವ ಪ್ರಾಣಿಗಳೆಲ್ಲದರಲ್ಲೂ ಮೊಲೆಹಾಲು ಬಿಟ್ಟ ಮೇಲೆ ಲ್ಯಾಕ್ಟೇಸ್ ಇಳಿಯುವುದು ಸಹಜ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಹೀಗೇ ಆಗುತ್ತದೆ. ಉಳಿದವರಲ್ಲಿ ಅದು ಬದುಕಿಡೀ ಉಳಿಯುವುದಕ್ಕೆ ಡಿಎನ್‌ಎಯಲ್ಲಿ ಆದ ಸಣ್ಣ ಬದಲಾವಣೆ ಕಾರಣ. 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಅದನ್ನು ಗುರುತಿಸಿದರು: ಲ್ಯಾಕ್ಟೇಸ್ ಜೀನಿನಿಂದ 13,910 ಅಕ್ಷರಗಳಷ್ಟು ಹಿಂದೆ, ಪಕ್ಕದ ಜೀನಿನೊಳಗೆ, ‘ಸಿ’ ಇದ್ದಲ್ಲಿ ‘ಟಿ’ ಬಂದಿರುತ್ತದೆ. ಭಾರತದಲ್ಲಿ ಮುಖ್ಯವಾಗಿ ಕಾಣುವುದೂ ಯುರೋಪಿನ ಇದೇ ಬದಲಾವಣೆ. ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬರುತ್ತಾ ಕಡಿಮೆ. ಎಮ್ಮೆ ಸಾಕಿಯೇ ಬದುಕಿದ ನೀಲಗಿರಿಯ ತೋಡರು ಇದಕ್ಕೆ ಎದ್ದು ಕಾಣುವ ಅಪವಾದ. ನಮ್ಮ ಕರಾವಳಿ, ಘಟ್ಟದ ಮೇಲಿನವರಲ್ಲಿ ಬಹಳಷ್ಟು ಮಂದಿಗೆ ಲೋಟದ ತುಂಬ ಹಾಲು ಒಗ್ಗದಿದ್ದರೆ ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ.

ಆದರೆ ಹಾಲಿನ ಬಳಕೆ ಇಲ್ಲಿ ಬಹಳ ಹಳೆಯದು. ಗುಜರಾತಿನ ಕಛ್‌ನಲ್ಲಿರುವ ಕೋಟಡಾ ಭಡ್ಲಿ ಎಂಬ ಹರಪ್ಪ ಕಾಲದ ನೆಲೆಯ ಮಡಕೆ ಚೂರುಗಳಲ್ಲಿ ಸುಮಾರು 4500 ವರ್ಷ ಹಿಂದಿನ ಹಾಲಿನ ಕೊಬ್ಬಿನ ಗುರುತು ಸಿಕ್ಕಿದೆ. ಯುರೋಪಿನ ಮಡಕೆಗಳ ಮೇಲೆ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡ ಮತ್ತು ಅದರ ಜೊತೆಗಾರರು ಮಾಡಿದ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಾಲು ಅರಗಿಸುವ ಜೀನ್ ವ್ಯಾಪಕವಾಗುವುದಕ್ಕಿಂತ ಸಾವಿರಾರು ವರ್ಷ ಮೊದಲೇ ಅಲ್ಲಿನ ಜನ ಹಾಲು ಬಳಸುತ್ತಿದ್ದರು. ಹೊಟ್ಟೆ ನೋವಷ್ಟೇ ಕೊಡುತ್ತಿದ್ದ ಲ್ಯಾಕ್ಟೋಸ್ ಬರ ಮತ್ತು ಸಾಂಕ್ರಾಮಿಕದ ಕಾಲದಲ್ಲಿ, ನಿತ್ರಾಣರಾದವರಲ್ಲಿ, ಪ್ರಾಣಕ್ಕೇ ಕುತ್ತು ತಂದಿರಬೇಕು, ಜೀನಿನ ಆಯ್ಕೆ ನಡೆದದ್ದು ಆಗ ಎಂಬುದು ಅವರ ವಾದ. ಉಳಿದ ಕಾಲದಲ್ಲೆಲ್ಲ ಜೀನ್ ಇಲ್ಲದೆಯೂ ಹಾಲು ನಡೆದಿದೆ. ಹೇಗೆ ನಡೆದಿದೆ ಎಂಬುದಕ್ಕೆ ಶಿರಸಿ ಸೀಮೆಯ ಅಡುಗೆಮನೆಯೇ ಸಾಕ್ಷಿ.

ಮೊದಲು ಲೆಕ್ಕ. ಲ್ಯಾಕ್ಟೇಸ್ ಕಡಿಮೆ ಇರುವ ಹೆಚ್ಚಿನವರು ಒಂದು ಸಲಕ್ಕೆ 12 ಗ್ರಾಂವರೆಗಿನ ಲ್ಯಾಕ್ಟೋಸನ್ನು, ಅದರಲ್ಲೂ ಊಟದ ಜೊತೆಗಾದರೆ, ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆ. ಚಹಾಕ್ಕೆ, ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಬೀಳುವ 40 ಮಿ.ಲೀ. ಹಾಲಿನಲ್ಲಿ ಇರುವುದು 2 ಗ್ರಾಂ ಮಾತ್ರ. ಕಷಾಯ ಬಿಡಬೇಕಾದವರು ಬಹಳ ಕಡಿಮೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬಹುದು, ಬೆಣ್ಣೆಯಲ್ಲಿ ಅತ್ಯಲ್ಪ. ತೊಡದೇವಿಗೆ ತುಪ್ಪ ಹಾಕಿಕೊಂಡರೆ ಏನೂ ಆಗದು, ಬಟ್ಟಲು ತುಂಬ ಹಾಲು ಹಾಕಿಕೊಂಡರೆ ಹೊಟ್ಟೆ ಕೇಳೀತು. ಮೋಸ ಹೋಗುವುದು ಸಿಹಿಯಲ್ಲಿ. ಕುದಿಸಿದರೆ ಲ್ಯಾಕ್ಟೋಸ್ ನಾಶವಾಗುವುದಿಲ್ಲ, ನೀರು ಆರಿ ಅದು ದಟ್ಟವಾಗುತ್ತದೆ. ಒಂದು ಲೀಟರ್ ಹಾಲು ಬತ್ತಿ 200 ಗ್ರಾಂ ಆಸುಪಾಸು ಖೋವಾ ಆದರೆ ಲೀಟರಿನ 48 ಗ್ರಾಂ ಲ್ಯಾಕ್ಟೋಸ್ ಅಷ್ಟೂ ಅದರಲ್ಲೇ ಇರುತ್ತದೆ. ಕೆನೆ ತೆಗೆದ ಹಾಲಿನ ಪುಡಿಯಲ್ಲಂತೂ ಸುಮಾರು ಅರ್ಧ ಪಾಲು ಲ್ಯಾಕ್ಟೋಸೇ. ಬಿಸ್ಕತ್ತು, ಬ್ರೆಡ್ಡು, ಚಾಕಲೇಟಿನ ಪೊಟ್ಟಣದ ಮೇಲೆ ‘ಮಿಲ್ಕ್ ಸಾಲಿಡ್ಸ್’, ‘ವೇ ಪೌಡರ್’ ಎಂದಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಕಾಯಿಹಾಲಿನ ಪಾಯಸದಲ್ಲಿ, ಸೋಲ್ ಕಢಿಯಲ್ಲಿ ಲ್ಯಾಕ್ಟೋಸ್ ಸೊನ್ನೆ. ಹೊಸದಾಗಿ ಕರು ಹಾಕಿದ ಹಸುವಿನ ಗಿಣ್ಣುಹಾಲಿನಲ್ಲಿ ಮಾಮೂಲಿ ಹಾಲಿಗಿಂತ ಲ್ಯಾಕ್ಟೋಸ್ ಕಡಿಮೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದಕ್ಕೆ ಮಾಮೂಲಿ ಹಾಲು ಬೆರೆಸಿದಷ್ಟೂ ಈ ಲಾಭ ಕರಗುತ್ತದೆ.

ಈಗ ಮೊಸರು. ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನೇ ತಿಂದು ಹುಳಿ ಮಾಡುತ್ತವೆ. ಆದರೆ ತಾವೇ ಮಾಡಿದ ಹುಳಿ ಅವುಗಳನ್ನೇ ತಡೆಯುತ್ತದೆ. ಹಾಗಾಗಿ ಮಾಮೂಲಿ ಮೊಸರಿನಲ್ಲಿ ಲ್ಯಾಕ್ಟೋಸಿನ ಐದರಲ್ಲೊಂದರಿಂದ ಮೂರರಲ್ಲೊಂದು ಪಾಲು ಮಾತ್ರ ಖರ್ಚಾಗಿರುತ್ತದೆ. ಹುಳಿ ಮೊಸರಲ್ಲಿ ಲ್ಯಾಕ್ಟೋಸ್ ಇರುವುದೇ ಇಲ್ಲ ಎಂಬ ಮಾತು ಸರಿಯಲ್ಲ. ಹಾಗಿದ್ದೂ ಹಾಲು ಆಗದವರಿಗೆ ಮೊಸರು ಆಗುತ್ತದೆ. ಈ ಗುಟ್ಟು ಬಿಡಿಸಿದ್ದು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ. ಮೊಸರಿನ ಬ್ಯಾಕ್ಟೀರಿಯಾದ ಒಳಗೆ ಅದರದೇ ಲ್ಯಾಕ್ಟೋಸ್ ಒಡೆಯುವ ಕಿಣ್ವ ಇರುತ್ತದೆ. ಜಠರದ ಆಮ್ಲದಿಂದ ಅದನ್ನು ಬ್ಯಾಕ್ಟೀರಿಯಾದ ಹೊರಗೋಡೆ ಕಾಪಾಡುತ್ತದೆ, ಗಟ್ಟಿ ಮೊಸರು ಸ್ವತಃ ಆಮ್ಲದ ಕಾವನ್ನು ತಗ್ಗಿಸುತ್ತದೆ. ಸಣ್ಣ ಕರುಳಿಗೆ ಬಂದಾಗ ಪಿತ್ತರಸ ತಾಗಿ ಆ ಗೋಡೆ ಸೋರತೊಡಗುತ್ತದೆ, ಲ್ಯಾಕ್ಟೋಸಿಗೂ ಕಿಣ್ವಕ್ಕೂ ಭೇಟಿಯಾಗುತ್ತದೆ. ನಮ್ಮ ಕರುಳು ಮಾಡಬೇಕಿದ್ದ ಕೆಲಸವನ್ನು ಮೊಸರೇ ಒಳಗೆ ಹೋಗಿ ಮಾಡಿಕೊಡುತ್ತದೆ! ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಇದನ್ನು ಒಪ್ಪುವಾಗ ಹಾಕಿದ ಷರತ್ತು, ಒಂದು ಗ್ರಾಂ ಮೊಸರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು ಎಂದು.

ಜೀವಂತ ಎಂಬುದು ಇಲ್ಲಿ ಮುಖ್ಯ. ತಂಬುಳಿ ಮಾಡುವ ಕ್ರಮ ನೋಡಿ: ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಆರಿಸಿ, ಕಾಯಿತುರಿ ಹಾಕಿ ರುಬ್ಬಿ, ತಣ್ಣಗಾದ ಮೇಲಷ್ಟೇ ಮಜ್ಜಿಗೆ ಬೆರೆಸುತ್ತಾರೆ. ಮತ್ತೆ ಒಲೆಗೇರಿಸುವುದಿಲ್ಲ. ಬ್ಯಾಕ್ಟೀರಿಯಾ, ಕಿಣ್ವ ಎರಡೂ ಉಳಿಯುತ್ತವೆ. ಮಜ್ಜಿಗೆ ಹುಳಿಯನ್ನು ಕುದಿ ಬರಿಸುವುದರಿಂದ ಎರಡೂ ಸಾಯುತ್ತವೆ, ಲ್ಯಾಕ್ಟೋಸ್ ಮಾತ್ರ ಹಾಗೇ ಉಳಿಯುತ್ತದೆ. ಎರಡು ಸೌಟು ಮಜ್ಜಿಗೆ ಹುಳಿಯಲ್ಲಿ ಅದರ ಪ್ರಮಾಣ ಕಡಿಮೆ, ಆದ್ದರಿಂದ ಸಾಮಾನ್ಯವಾಗಿ ತೊಂದರೆಯಾಗದು, ಆದರೆ ಬಹಳ ಸೂಕ್ಷ್ಮ ಹೊಟ್ಟೆಯವರಿಗೆ ತಂಬುಳಿಯೇ ಸರಿ. 50 ಮಿ.ಲೀ. ಮೊಸರಿಗೆ ಮೂರು ಪಾಲು ನೀರು ಹಾಕಿ ಕಡೆದ ಒಂದು ಲೋಟ ಮಜ್ಜಿಗೆಯಲ್ಲಿ 2 ಗ್ರಾಂಗಿಂತ ಹೆಚ್ಚು ಲ್ಯಾಕ್ಟೋಸ್ ಇರಲಾರದು.

ಈಚೆಗೆ ‘ಎ2 ಹಾಲು’, ಮಲೆನಾಡು ಗಿಡ್ಡದ ಹಾಲು ಲ್ಯಾಕ್ಟೋಸ್ ಒಗ್ಗದವರಿಗೆ ಔಷಧ ಎಂಬ ಪ್ರಚಾರ ಜೋರಾಗಿದೆ. ಗಿಡ್ಡ ತಳಿ ಉಳಿಯಬೇಕು, ಅದರ ಹಾಲಿಗೆ ಒಳ್ಳೆಯ ಬೆಲೆಯೂ ಸಿಗಬೇಕು. ಆದರೆ ಸುಳ್ಳು ಹೇಳಿ ಅಲ್ಲ. ಎ1, ಎ2 ಎಂಬುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ 67ನೇ ಜಾಗದಲ್ಲಿರುವ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಲ್ಯಾಕ್ಟೋಸ್ ಪ್ರೋಟೀನ್ ಅಲ್ಲ, ಸಕ್ಕರೆ. ಗಿಡ್ಡವಾಗಲಿ, ಜರ್ಸಿಯಾಗಲಿ, ಎಮ್ಮೆಯಾಗಲಿ, ಹಾಲಿನಲ್ಲಿ ಅದು ಹತ್ತಿರಹತ್ತಿರ 5 ಶೇಕಡಾವೇ. ಇದೇ ಗೊಂದಲ ಅಲರ್ಜಿಯ ವಿಷಯದಲ್ಲಿ ಅಪಾಯಕಾರಿ. ಹಾಲಿನ ಅಲರ್ಜಿ ಪ್ರೋಟೀನಿನ ವಿರುದ್ಧದ್ದು. ಮೈಯಲ್ಲಿ ದದ್ದು, ತುಟಿ ಊದುವುದು, ಉಸಿರು ಕಟ್ಟುವುದು ಒಂದು ಚಮಚದಿಂದಲೂ ಆಗಬಹುದು. ಅಂಥ ಮಗುವಿಗೆ ‘ಲ್ಯಾಕ್ಟೋಸ್ ಫ್ರೀ’ ಹಾಲು ಕೂಡ ಕೊಡುವಂತಿಲ್ಲ.

ಮಳೆಗಾಲದಲ್ಲಿ ವಾಂತಿಭೇದಿಯಾದ ಮೇಲೆ ಕೆಲವರಿಗೆ ಹಾಲು ಒಮ್ಮೆಲೇ ಒಗ್ಗದಂತಾಗುತ್ತದೆ. ಸೋಂಕು ಕರುಳಿನ ಚಾಚುಗಳ ತುದಿಯನ್ನು ಸವೆಸಿರುತ್ತದೆ, ಕಿಣ್ವ ಇರುವುದು ಅಲ್ಲೇ. ಕೆಲವು ವಾರಗಳಲ್ಲಿ ಚಾಚುಗಳು ಬೆಳೆದು ಸರಿಯಾಗುತ್ತದೆ, ಅಲ್ಲಿಯವರೆಗೆ ಮಜ್ಜಿಗೆ ಸಾಕು. ಆದರೆ ಭೇದಿಯಾಗುವ ಹಸುಗೂಸಿಗೆ ತಾಯಿಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಕೊಡಿ, ವೈದ್ಯರಿಗೆ ತೋರಿಸಿ. ಬಾಣಂತಿ ಹಾಲು ಬಿಟ್ಟರೆ ಮೊಲೆಹಾಲಿನ ಲ್ಯಾಕ್ಟೋಸ್ ತಗ್ಗುತ್ತದೆ ಎಂಬುದೂ ತಪ್ಪು. ಅದು ಎದೆಯಲ್ಲೇ ತಯಾರಾಗುವುದು, ಸುಮಾರು 7 ಶೇಕಡಾ ಇದ್ದೇ ಇರುತ್ತದೆ.

ತಮಗೆ ಹಾಲು ಆಗುವುದೇ ಇಲ್ಲ ಎಂದುಕೊಂಡವರೆಲ್ಲರದೂ ನಿಜವಾಗಿ ಲ್ಯಾಕ್ಟೋಸಿನ ತೊಂದರೆಯೇ? 1995ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ತೀವ್ರ ತೊಂದರೆ ಇದೆ ಎನ್ನುವ 30 ಜನರಿಗೆ ಒಂದು ವಾರ ಮಾಮೂಲಿ ಹಾಲು, ಇನ್ನೊಂದು ವಾರ ಲ್ಯಾಕ್ಟೋಸ್ ಒಡೆದ ಹಾಲು, ಯಾವುದು ಎಂದು ತಿಳಿಸದೆ, ದಿನಕ್ಕೆ 240 ಮಿ.ಲೀ. ತಿಂಡಿಯ ಜೊತೆ ಕೊಟ್ಟರು. ಎರಡೂ ವಾರದ ತೊಂದರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮನೆಯಲ್ಲಿ ಪರೀಕ್ಷಿಸುವುದು ಹೀಗೆ: ಎರಡು ವಾರ ಹಾಲು ಮತ್ತು ಹಾಲಿನ ಸಿಹಿ ಪೂರ್ತಿ ಬಿಡಿ. ತೊಂದರೆ ನಿಂತರೆ, ಮಧ್ಯಾಹ್ನದ ಊಟದ ಜೊತೆ ಮೂರು ದಿನ 60 ಮಿ.ಲೀ., ಆಮೇಲೆ ಮೂರು ದಿನ 120, ಹೀಗೆ 240ರವರೆಗೆ ಏರಿಸಿ. ಎಲ್ಲಿ ಹೊಟ್ಟೆ ತಕರಾರು ಮಾಡಿತೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಮ್ಮ ಮಿತಿ. ಹಲಸಿನ ಹಂಗಾಮಿನಲ್ಲಿ ಈ ಪರೀಕ್ಷೆ ಬೇಡ, ತೊಳೆ ತಿಂದು ಆದ ಗ್ಯಾಸ್ ಹಾಲಿನ ತಲೆಗೆ ಬಂದೀತು. ಎರಡು ವಾರ ಬಿಟ್ಟರೂ ಭೇದಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ, ನಿದ್ದೆಯಿಂದ ಎಬ್ಬಿಸುವ ಭೇದಿಯಾದರೆ ಅದು ಲ್ಯಾಕ್ಟೋಸ್ ಅಲ್ಲ, ವೈದ್ಯರನ್ನು ಕಾಣಬೇಕು. ಆಸ್ಪತ್ರೆಯಲ್ಲಿ 25 ಅಥವಾ 50 ಗ್ರಾಂ ಲ್ಯಾಕ್ಟೋಸ್ ಕುಡಿಸಿ ಉಸಿರಿನ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ. ಮೊದಲಿದ್ದುದಕ್ಕಿಂತ ಹತ್ತು ಲಕ್ಷಕ್ಕೆ 20 ಪಾಲು ಏರಿದರೆ ಲ್ಯಾಕ್ಟೋಸ್ ಅರಗುತ್ತಿಲ್ಲ ಎಂದರ್ಥ.

ಪೂರ್ತಿ ಬಿಟ್ಟವರು ಕ್ಯಾಲ್ಸಿಯಂ ಲೆಕ್ಕ ಹಾಕಲೇಬೇಕು. ವಯಸ್ಕರಿಗೆ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ 1000 ಮಿ.ಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 350, ಅಷ್ಟೇ ನುಗ್ಗೆಸೊಪ್ಪಿನಲ್ಲಿ 300ರ ಮೇಲೆ, ಸಿಪ್ಪೆ ಸಹಿತ ಎಳ್ಳಿನಲ್ಲಿ 1000ಕ್ಕೂ ಮಿಕ್ಕಿ. ಕರಾವಳಿಯವರು ಮುಳ್ಳು ಸಮೇತ ಅಗಿಯುವ ಸಣ್ಣ ಮೀನು, ಒಣಮೀನು ಇದಕ್ಕೆ ಒಳ್ಳೆಯ ಮೂಲ.

ಮದುವೆಮನೆಯ ಬಾಸುಂದಿ ಬಿಡಲಾಗದವರಿಗೆ ಲ್ಯಾಕ್ಟೇಸ್ ಮಾತ್ರೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮೊದಲ ತುತ್ತಿನ ಜೊತೆಗೇ ನುಂಗಬೇಕು, ಹೊಟ್ಟೆ ಕೆಟ್ಟ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಹನಿಯ ರೂಪದ್ದಾದರೆ ಕಾಯಿಸಿ ಪೂರ್ತಿ ಆರಿದ ಹಾಲಿಗೆ ಪೊಟ್ಟಣದಲ್ಲಿ ಹೇಳಿದಷ್ಟು ಹಾಕಿ ಫ್ರಿಜ್ಜಿನಲ್ಲಿ ಒಂದು ದಿನ ಇಡಿ. ಬಿಸಿ ಹಾಲಿಗೆ ಹಾಕಿದರೆ ಕಿಣ್ವ ಅಲ್ಲೇ ಸತ್ತು ದುಡ್ಡು ದಂಡ. ಸಕ್ಕರೆ ಹಾಕದಿದ್ದರೂ ಆ ಹಾಲು ಸಿಹಿಯಾಗಿದ್ದರೆ ಕೆಲಸ ಆಗಿದೆ ಎಂದು ತಿಳಿಯಿರಿ, ಏಕೆಂದರೆ ಒಡೆದ ಗ್ಲೂಕೋಸ್, ಗ್ಯಾಲಕ್ಟೋಸ್ ಎರಡೂ ಲ್ಯಾಕ್ಟೋಸಿಗಿಂತ ಸಿಹಿ. ಅದೇ ಕಾರಣಕ್ಕೆ ಆ ಹಾಲಿನ ಪಾಯಸಕ್ಕೆ ಬೆಲ್ಲ ಸ್ವಲ್ಪ ಕಡಿಮೆ ಹಾಕಬಹುದು. ಉರಿ ಸಣ್ಣಗಿರಲಿ, ಅದು ಬೇಗ ಕೆಂಪಾಗಿ ತಳ ಹಿಡಿಯುತ್ತದೆ.